ಸೆಕೆಂಡಿಗೊಂದು ಪ್ರಶ್ನೆ

ಪ್ರಮೀಳಾ ಟೀಚರ್ ಬಾಲ್ಕನಿಯ ಮಲ್ಲಿಗೆ ಕುಂಡಕ್ಕೆ ತಾನಾಗಿಯೇ ನೀರು ಬೀಳುವ ಏರ್ಪಾಡು ಮಾಡಿದ್ದರು. ಮಣ್ಣಿನಲ್ಲಿ ಎರಡು ಕಾಲೂರಿ ನಿಂತ ಸೆನ್ಸರ್ ತೇವ ನೋಡಿ ಹೇಳಬೇಕು, ಪುಟ್ಟ ಸರ್ಕ್ಯೂಟ್ ಬೋರ್ಡು ಅದನ್ನು ಕೇಳಿಕೊಂಡು ಪಂಪಿಗೆ ಅಪ್ಪಣೆ ಕೊಡಬೇಕು. ಗಿಡದ ಜೀವ ತನ್ನ ಕೈಯಲ್ಲಿದೆ ಎಂದು ತಿಳಿದದ್ದೇ ತಡ, ಬೋರ್ಡಿನ ನೆಮ್ಮದಿ ಹಾರಿಹೋಯಿತು. ಸೆಕೆಂಡಿಗೊಮ್ಮೆ ಕೇಳತೊಡಗಿತು: "ಮಣ್ಣು ಒಣಗಿತೇನಯ್ಯಾ?"

"ಇಲ್ಲ ಸ್ವಾಮಿ, ಒದ್ದೆಯಾಗಿಯೇ ಇದೆ."

"ಈಗ?"

"ಸ್ವಾಮಿ, ನೀವು ಕೇಳಿದಾಗೆಲ್ಲ ನನ್ನ ಕಾಲಲ್ಲಿ ಕರೆಂಟು ಹರಿದು ಒಂದಿಷ್ಟು ತಾಮ್ರ ಸವೆಯುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳಿದರೆ ಸಾಲದೇ?"

"ಅಷ್ಟರಲ್ಲಿ ಗಿಡಕ್ಕೇನಾದರೂ ಆದರೆ ಯಾರು ಹೊಣೆ? ಅದಿರಲಿ, ಈಗ ಹೇಗಿದೆ?"

ಮೂರನೇ ವಾರಕ್ಕೆ ಸೆನ್ಸರಿನ ಕಾಲು ಪೂರಾ ಸವೆದು ದನಿ ಅಡಗಿತು. ಉತ್ತರ ಬಾರದಿದ್ದರೆ ಮಣ್ಣು ಒಣಗಿದೆಯೆಂದೇ ಬೋರ್ಡಿನ ತಿಳುವಳಿಕೆ. "ಅಯ್ಯೋ, ಗಿಡ ಸತ್ತಿತು!" ಎಂದು ಪಂಪು ಓಡಿಸಿತು. ಮತ್ತೆ ಕೇಳಿತು, ಮತ್ತೂ ಉತ್ತರವಿಲ್ಲ; ಇನ್ನಷ್ಟು ನೀರು ಬಿಡಿಸಿತು.

"ಸಾಕು ಮಾರಾಯ, ಕೊರಳವರೆಗೆ ಬಂತು!" ಎಂದು ಮಲ್ಲಿಗೆ ಕೂಗಿಕೊಂಡಿತು. ಬೋರ್ಡಿಗೆ ಸೆನ್ಸರಿನ ಮಾತು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಸಂಜೆ ಶಾಲೆಯಿಂದ ಬಂದ ಟೀಚರ್ ಕೆರೆಯಾಗಿದ್ದ ಕುಂಡ ನೋಡಿ ಹಣೆ ಚಚ್ಚಿಕೊಂಡರು. ನೀರು ಬಸಿದು, ಹೊಸ ಸೆನ್ಸರ್ ನೆಟ್ಟು, ದಿನಕ್ಕೆ ಎರಡೇ ಸಲ ಕೇಳಬೇಕೆಂದು ಪ್ರೋಗ್ರಾಂ ತಿದ್ದಿದರು.

ಮರುದಿನ ಬೆಳಿಗ್ಗೆ ಬೋರ್ಡು ಕೇಳಿತು. ಒದ್ದೆಯಿದೆ ಎಂಬ ಉತ್ತರ ಬಂತು. ಸಂಜೆಗಿನ್ನೂ ಹನ್ನೆರಡು ಗಂಟೆ. ಒಂದು ನಿಮಿಷ ಬಾಯಿ ಬಿಗಿಹಿಡಿದು ಕೂತಿತು. ಆಮೇಲೆ ಮೆಲ್ಲಗೆ ಪಂಪಿನ ಕಡೆ ತಿರುಗಿತು: "ನೀನು ಹೇಗಿದ್ದೀಯಪ್ಪಾ?"

ಪಂಪು ತನ್ನೆರಡೂ ವೈರುಗಳನ್ನು ಮುದುರಿಕೊಂಡಿತು.