ಅಕ್ಕಿ ತಟ್ಟೆಯ ಆಚೆ ಬದಿ

“ಗುರುಗಳೇ, ನಾಳೆ ಸಂದರ್ಶನದಲ್ಲಿ ಅವರು ಏನು ಕೇಳಬಹುದು?” ಎಂದು ನೀಲಾಂಬಿಕೆ ಕೇಳಿದಳು.

ಶಾಲೆಯಲ್ಲಿ ಪಾಠ ಹೇಳುವ ಕೆಲಸಕ್ಕಾಗಿ ಅವಳು ಸಂದರ್ಶನಕ್ಕೆ ಹೋಗುತ್ತಿರುವುದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಬರಿಗೈಯಲ್ಲಿ ಬಂದಿದ್ದಳು. ಈ ಸಲವೂ ಹಾಗೇ ಆದರೆ, ತಾನು ಪಾಠ ಹೇಳಲು ಹುಟ್ಟಿದವಳೇ ಅಲ್ಲವೆಂದು ಸುಮ್ಮನಾಗಿಬಿಡುವುದೆಂದು ತೀರ್ಮಾನಿಸಿದ್ದಳು. ಅದನ್ನು ನೆನೆದರೇ ಅಳು ಬರುತ್ತಿತ್ತು. ಮಡಿಲಲ್ಲಿ ದಪ್ಪನೆಯ ನೋಟ್‌ಬುಕ್ಕು, ಅದರಲ್ಲಿ ನೂರೆಂಟು ಪ್ರಶ್ನೆ, ನೂರೆಂಟು ಉತ್ತರ.

ಗುರುಗಳು ಅದನ್ನು ಇಸಿದುಕೊಂಡು ಒಂದೊಂದೇ ಪುಟ ತಿರುವಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನ ಪಾಠಶಾಲೆಗೆ ಉಪಾಧ್ಯಾಯರು ಬೇಕಾಗಿದ್ದರು. ಒಬ್ಬ ಪಂಡಿತ ವರ್ಷವಿಡೀ ಓದಿ ಸಿದ್ಧನಾಗಿ ಬಂದ. ಊರ ಹಿರಿಯರು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿದ. ಕೊನೆಗೆ ಅವರು ಅಕ್ಕಿ ಹರಡಿದ ತಟ್ಟೆಯೊಂದನ್ನು ಅವನ ಮುಂದಿಟ್ಟು, ಎದುರಿಗೆ ಪುಟ್ಟ ಹುಡುಗಿಯೊಬ್ಬಳನ್ನು ಕೂರಿಸಿದರು. ಆ ಊರಿನಲ್ಲಿ ಮಕ್ಕಳಿಗೆ ಮೊದಲ ಅಕ್ಷರ ಬರೆಸುವುದು ಅಕ್ಕಿಯ ಮೇಲೆಯೇ.

ಹಿರಿಯರು ಪಂಡಿತನ ಬೆನ್ನ ಹಿಂದೆ ನಿಂತರು. ಅವನು ಬೆರಳಿನಿಂದ ದುಂಡಗೆ ಒಂದು ಅಕ್ಷರ ಬರೆದ. ಹಿರಿಯರು ತಲೆದೂಗಿದರು. ಹುಡುಗಿ ಮಾತ್ರ ಕತ್ತನ್ನು ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು.

“ಇದ್ಯಾಕೆ ತಲೆ ಕೆಳಗೆ ಮಾಡ್ಕೊಂಡಿದೆ?” ಎಂದಳು.

ಪಂಡಿತನ ಮುಖ ಸಣ್ಣದಾಯಿತು. ವರ್ಷದ ಓದಿನಲ್ಲಿ ಇದು ಅವನಿಗೆ ಹೊಳೆದೇ ಇರಲಿಲ್ಲ. ಅಕ್ಕಿಯನ್ನು ಸವರಿ ಸಮ ಮಾಡಿ, ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತ.

“ತಪ್ಪು ನಂದು ಕಣಮ್ಮ. ಬಾ, ಇಬ್ಬರೂ ಸೇರಿ ಬರೆಯೋಣ.”

ಅವಳ ಬೆರಳು ಹಿಡಿದು ಬರೆಸಿದ. ಗೆರೆ ಸೊಟ್ಟಗೆ ಹೋಯಿತು. ಅಳಿಸಿ ಮತ್ತೆ ಬರೆಸಿದ. ಈಗ ಅಕ್ಷರ ತಲೆಕೆಳಗಾಗಿ ಕಂಡದ್ದು ಹಿರಿಯರಿಗೆ. ಆದರೆ ಅವರು ಅಲ್ಲಿದ್ದಾರೆಂಬುದೇ ಅವನಿಗೆ ಮರೆತುಹೋಗಿತ್ತು. ಹುಡುಗಿ “ಬಂತು!” ಎಂದು ಚಪ್ಪಾಳೆ ತಟ್ಟಿದಾಗಲೇ ಅವನು ತಲೆಯೆತ್ತಿದ್ದು. ಹಿರಿಯರು ಹೊರಟುಹೋಗಿದ್ದರು. ಅವನು ಮೊದಲು ಕೂತಿದ್ದ ಮಣೆಯ ಮೇಲೆ ಪಾಠಶಾಲೆಯ ಬೀಗದಕೈ ಇತ್ತು.

ಕತೆ ಮುಗಿಸಿದ ಗುರುಗಳು ನೋಟ್‌ಬುಕ್ಕನ್ನು ನೀಲಾಂಬಿಕೆಯ ಮಡಿಲಲ್ಲಿಟ್ಟು, ಮೆಲ್ಲನೆ ಕೇಳಿದರು:

“ಕೇಳುವವರಿಗೆಲ್ಲ ಉತ್ತರ ಬರೆದಿಟ್ಟಿದ್ದೀಯೆ, ತಾಯಿ; ಇದರಲ್ಲಿ ಮಗು ಯಾವ ಪುಟದಲ್ಲಿದೆ?”