ಬೆನ್ನಿಲ್ಲದ ತಾಯಿ

ಮೋನಪ್ಪ ಬಡಿಗೇರ ಎಂಬ ಶಿಲ್ಪಿ ದೇವರ ವಿಗ್ರಹಗಳನ್ನು ಕೆತ್ತಿ ಕೆತ್ತಿ ದಣಿದಿದ್ದ. ಒಂದು ಹೊತ್ತು ಮಲಗಿ ಎದ್ದರೆ ಹೋಗುವ ದಣಿವಲ್ಲ ಅದು. ಬಲಗೈ ಎತ್ತಿದರೆ ಭುಜ ಹಿಡಿದುಕೊಳ್ಳುತ್ತಿತ್ತು. ಕಲ್ಲಿನ ಧೂಳು ಕುಡಿದ ಎದೆ ನಾಲ್ಕು ಮೆಟ್ಟಿಲು ಹತ್ತಿದರೆ ಸಿಳ್ಳೆ ಹಾಕುತ್ತಿತ್ತು. ಅವನು ಮಾಡಿದ ವಿಗ್ರಹಗಳಿಗೆ ಎಷ್ಟೋ ಊರುಗಳಲ್ಲಿ ಪೂಜೆ ನಡೆಯುತ್ತಿತ್ತು. ಆದರೆ ಒಂದರ ಮೇಲೂ ಅವನ ಹೆಸರಿರಲಿಲ್ಲ. ದೇವರ ಕಲ್ಲಿನ ಮೇಲೆ ಕೆತ್ತಿದವನ ಹೆಸರು ಹಾಕುವ ಪದ್ಧತಿ ಅವನ ಮನೆತನದಲ್ಲಿ ಇರಲಿಲ್ಲ. ಇದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ. ಬೇಸರ ಶುರುವಾದದ್ದು ವಯಸ್ಸಾದ ಮೇಲೆ.

ಹೀಗಿರುವಾಗ ಒಂದು ವಿಶ್ವವಿದ್ಯಾಲಯದವರು ಶಿಲ್ಪ ಸ್ಪರ್ಧೆ ಏರ್ಪಡಿಸಿದರು. ಶಿಲ್ಪಿಗಳು ಕ್ಯಾಂಪಸ್ಸಿನಲ್ಲೇ ಉಳಿದು ಕೆತ್ತಬೇಕು. ಕೆತ್ತಿದ್ದನ್ನು ಅಲ್ಲಿಯ ಬಯಲಿನಲ್ಲಿ ನಿಲ್ಲಿಸುತ್ತಾರೆ. ಗೆದ್ದ ಶಿಲ್ಪದ ಪೀಠದ ಮೇಲೆ ಮಾತ್ರ ಶಿಲ್ಪಿಯ ಹೆಸರು ಕೆತ್ತಿಸುತ್ತಾರೆ. ಮೋನಪ್ಪನಿಗೆ ಬೇಕಾದದ್ದು ಇದೇ.

"ಸಾಯೂದ್ರಾಗ ಒಂದ ಕಲ್ಲಿನ ಕೆಳಗರೆ ನನ್ನ ಹೆಸರ ಇರಲಿ," ಎಂದು ಅವನು ಹೆಂಡತಿ ದೇವಕ್ಕನಿಗೆ ಹೇಳಿದ.

"ಹೆಸರಿಗೆ ಭುಜ ನೋಯೂದಿಲ್ಲ, ನಿನಗ ನೋಯತೈತಿ," ಎಂದಳು ದೇವಕ್ಕ. ಆದರೂ ಅವನ ಚೀಲದಲ್ಲಿ ನೋವಿನ ಎಣ್ಣೆಯ ಬಾಟಲಿ ಇಟ್ಟು ಕಳಿಸಿದಳು.

ಸ್ಪರ್ಧೆಯ ವಿಷಯ 'ಕಾಯುವವರು'. ಮೊದಲ ದಿನ ಸ್ಪರ್ಧೆ ನಡೆಸುವ ನದಾಫ್ ಮೇಷ್ಟ್ರು ಎಲ್ಲ ಶಿಲ್ಪಿಗಳನ್ನೂ ಕರೆದು, "ಬರ್ರಿ, ಮೂರ್ತಿ ನಿಲ್ಲೂ ಜಾಗ ತೋರಸ್ತೀನಿ," ಎಂದರು. ಎಲ್ಲರೂ ಹೊರಟರು. ಮೋನಪ್ಪ ಬೇವಿನ ಮರದ ಕೆಳಗೆ ಕೂತೇ ಇದ್ದ.

"ನೀವ ಹೋಗಿ ಬರ್ರಿ ಸರ. ಜಾಗ ಎಲ್ಲಿ ಓಡಿ ಹೋಗತೈತಿ? ಆಮ್ಯಾಲ ನೋಡಿದರಾತು," ಎಂದ. ಬಸ್ಸಿನಲ್ಲಿ ನಿಂತು ಬಂದು ಅವನ ಮೊಣಕಾಲುಗಳು ಸೋತಿದ್ದವು. ಆಮೇಲೆ ಎನ್ನುವುದು ಬರಲೇ ಇಲ್ಲ. ಬೆಳಿಗ್ಗೆ ಎದ್ದರೆ ಕಲ್ಲು, ಸಂಜೆ ಮಲಗಿದರೆ ನೋವು. ಇಲ್ಲಿ ಅವನು ಎದ್ದು ಹೋಗಲಿಲ್ಲ ಎಂಬುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಮೋನಪ್ಪ ಒಬ್ಬ ತಾಯಿಯನ್ನು ಕೆತ್ತಿದ. ಸೊಂಟದ ಮೇಲೆ ಮಗು ಎತ್ತಿಕೊಂಡು ಬಸ್ಸಿಗೆ ಕಾಯುವ ತಾಯಿ. ಸೆರಗಿನ ನಿರಿಗೆ ಗಾಳಿಗೆ ಹಾರುತ್ತದೇನೋ ಎನ್ನುವಷ್ಟು ತೆಳ್ಳಗೆ ಬಂತು. ಕಣ್ಣಲ್ಲಿ ರಸ್ತೆ ನೋಡಿ ನೋಡಿ ಸಾಕಾದ ಕಳೆ ಬಂತು. ಅದನ್ನು ಅವನು ಯಾರನ್ನೂ ನೋಡಿ ಕಲಿಯಬೇಕಾಗಿರಲಿಲ್ಲ.

ಪಕ್ಕದಲ್ಲಿ ಕೆತ್ತುತ್ತಿದ್ದ ರೋಹಿಣಿ ಪತ್ತಾರ ಎಂಬ ಹುಡುಗಿ ಒಮ್ಮೆ ಚಹಾ ಕುಡಿಯುತ್ತ ಸುತ್ತಿ ಬಂದು ಕೇಳಿದಳು: "ಕಾಕಾ, ಹಿಂದ ಹಂಗ ಬಿಟ್ಟೀರಲ್ಲ?"

"ಹಿಂದ ಯಾರವ್ವ ನೋಡ್ತಾರ? ನಿನ್ನ ಕಲ್ಲ ನೀ ನೋಡ್ಕೊ," ಎಂದ ಮೋನಪ್ಪ. ಹುಡುಗಿ ಕಾಲೆಳೆಯುತ್ತಿದ್ದಾಳೆ ಎಂದುಕೊಂಡ. ಹಾಗೆ ಅಂದುಕೊಳ್ಳಲೂ ಕಾರಣವಿತ್ತು. ಅವನು ಕೆತ್ತಿದ ದೇವರೆಲ್ಲ ಗರ್ಭಗುಡಿಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಮುಂದೆ ದೀಪ, ಹಿಂದೆ ಗೋಡೆ. ಅದಕ್ಕಾಗಿ ಅವನ ಮನೆತನದವರು ಹಿಂಬದಿಯನ್ನು ಚಪ್ಪಟೆ ಮಾಡಿ ಬಿಡುತ್ತಿದ್ದರು. ದಣಿದ ಅವನ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು.

ಕೆಲಸದ ಅವಧಿ ಮುಗಿದ ಸಂಜೆ ಕ್ರೇನ್ ಬಂದು ಶಿಲ್ಪಗಳನ್ನು ಬಯಲಿನಲ್ಲಿ ನಿಲ್ಲಿಸಿತು. ಮೋನಪ್ಪ ಆಗ ಮೊದಲ ಸಲ ಜಾಗ ನೋಡಿದ. ಅಲ್ಲಿ ಗೋಡೆ ಇರಲಿಲ್ಲ. ಗ್ರಂಥಾಲಯದ ದಾರಿ, ಗೇಟಿನ ದಾರಿ, ಹಾಸ್ಟೆಲಿನ ದಾರಿ ಎಲ್ಲ ಬಂದು ಸೇರುವ ನಡುಬಯಲು ಅದು. ಅವನ ತಾಯಿಯ ಬೆನ್ನು ಸರಿಯಾಗಿ ಹಾಸ್ಟೆಲಿನ ಕಡೆಗಿತ್ತು. ಆ ಕಡೆಯಿಂದ ಬರುವವರಿಗೆ ಕಾಣುವುದು ಬರೀ ಒಂದು ಚಪ್ಪಡಿ. ಅವನು ನೋಡುತ್ತಿದ್ದಂತೆಯೇ ಒಬ್ಬ ವಿದ್ಯಾರ್ಥಿ ಬಂದು, ಮೈದಾ ಅಂಟು ಬಳಿದು, ಅದಕ್ಕೆ ಕಬಡ್ಡಿ ಪಂದ್ಯದ ಪೋಸ್ಟರ್ ಹಚ್ಚಿದ.

"ಏನಪಾ, ಏನ ಮಾಡಾಕತ್ತಿ?" ಎಂದ ಮೋನಪ್ಪ.

"ನೋಟಿಸ್ ಬೋರ್ಡ್ ಹೊಸದಾಗಿ ಹಾಕ್ಯಾರಲ್ಲರಿ ಅಜ್ಜಾ," ಎಂದ ಅವನು. ತಮಾಷೆ ಮಾಡಿದ್ದಲ್ಲ. ಅವನಿಗೆ ಅದು ಹಾಗೇ ಕಂಡಿತ್ತು.

ಮೋನಪ್ಪ ಪೋಸ್ಟರ್ ಕೆರೆದು ತೆಗೆದು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ. ಅವಧಿ ಮುಗಿದಿತ್ತು, ಇನ್ನು ಉಳಿ ಮುಟ್ಟಿದರೆ ಸ್ಪರ್ಧೆಯಿಂದ ಹೊರಗೆ. ನದಾಫ್ ಮೇಷ್ಟ್ರಿಗೆ ಕನಿಕರ ಬಂತು. "ಹಿಂದ ಕ್ರೋಟನ್ ಗಿಡದ ಕುಂಡ ಇಡಸ್ತೀನಿ. ತೀರ್ಪು ಕೊಡಾವ್ರನ್ನ ಮುಂದಿನಿಂದ ಕರಕೊಂಡ ಬರ್ತೀನಿ. ಸುಮ್ನ ಇರ್ರಿ," ಎಂದರು. ಮೋನಪ್ಪ ತಲೆಯಾಡಿಸಿ ಒಪ್ಪಿದ.

ಮರುದಿನ ತೀರ್ಪುಗಾರರು ಬಂದರು. ಹೂಕುಂಡಗಳ ಸಾಲಿನಲ್ಲಿ ಒಂದು ಸಂದಿ ಉಳಿದಿತ್ತು. ಮೋನಪ್ಪ ಆ ಸಂದಿಗೆ ಅಡ್ಡವಾಗಿ ಬಿಸಿಲಲ್ಲಿ ನಿಂತ. ಅವರು ಎಡಕ್ಕೆ ಸರಿದರೆ ತಾನೂ ಸರಿಯುತ್ತಿದ್ದ. ಅವರು ಹೊಗಳಿದ್ದು ಅವನ ಕಿವಿಗೆ ಬೀಳಲಿಲ್ಲ. ಅವನ ಕಣ್ಣೆಲ್ಲ ಅವರ ಕಾಲಿನ ಮೇಲಿತ್ತು.

ತೀರ್ಪುಗಾರರಲ್ಲಿ ಹಿರಿಯಳಾದ ಹೆಂಗಸೊಬ್ಬಳು ಕೇಳಿದಳು: "ಮಗು ಒಂದು ಕೈಯಲ್ಲಿ ಅಮ್ಮನ ಗಲ್ಲ ಹಿಡಿದಿದೆ. ಇನ್ನೊಂದು ಕೈ ಎಲ್ಲಿದೆ, ಯಜಮಾನರೇ?"

"ಹಿಂದ ಐತ್ರಿ," ಎಂದುಬಿಟ್ಟ ಮೋನಪ್ಪ.

"ಹೌದಾ? ಸ್ವಲ್ಪ ಸರೀರಿ, ನೋಡೋಣ."

ನದಾಫ್ ಮೇಷ್ಟ್ರು ನಡುವೆ ಬಂದರು. "ಮೇಡಂ, ಆ ಕಡೆ ಕೆಸರ ಅದ. ಮುಂದಿನ ಮೂರ್ತಿಗೆ ಹೋಗೋಣ ಬರ್ರಿ." ಅವಳು ತಲೆಯಾಡಿಸಿ ಹೊರಟಳು.

ಅಲ್ಲಿಗೆ ಮೋನಪ್ಪ ಪಾರಾಗಿದ್ದ. ಹೆಸರು ಸಿಕ್ಕರೂ ಸಿಗಬಹುದಿತ್ತು. ಆದರೆ ಆ ಪ್ರಶ್ನೆ ಅವನಲ್ಲಿ ನಿಂತುಬಿಟ್ಟಿತು. ದೇವಿಯರ ಕಂಕುಳಲ್ಲಿ ಎಷ್ಟೊಂದು ಮಕ್ಕಳನ್ನು ಕೆತ್ತಿದ್ದ. ಕಾಣದ ಕೈ ಎಲ್ಲಿ ಹೋಯಿತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಇನ್ನೂ ಒಂದು ಯೋಚನೆ ಬಂತು. ಗೆದ್ದರೆ ಆ ತಾಯಿಯ ಕೆಳಗೆ ಅವನ ಹೆಸರು ಇರುತ್ತದೆ. ಆಮೇಲೆ ಹಿಂದೆ ಯಾರೂ ಹೋಗದಂತೆ ಕಾಯುವವರು ಯಾರು? ಒಂದು ಬೆಳಗು ಕಾಯುವಷ್ಟರಲ್ಲೇ ಅವನ ಜೀವ ಸೋತಿತ್ತು.

"ಮೇಡಂ, ನಿಲ್ರಿ," ಎಂದ. ಬಗ್ಗಿ ಒಂದು ಕುಂಡ ಸರಿಸಿದ. "ಹಿಂದ ಕೈ ಇಲ್ರಿ. ಬೆನ್ನೂ ಇಲ್ಲ. ನಾ ಸುಳ್ಳ ಹೇಳಿದೆ."

ಅವಳು ಸುತ್ತಿ ಬಂದು ಚಪ್ಪಡಿಯನ್ನು ನೋಡಿದಳು. "ಇದು ಗೋಡೆಗೆ ಆನಿಸೋ ಕೆಲಸ. ಇಲ್ಲಿ ಗೋಡೆ ಇಲ್ವಲ್ಲ," ಎಂದಳು. ಬೈಗುಳದ ದನಿ ಇರಲಿಲ್ಲ.

"ಇಲ್ರಿ," ಎಂದ ಮೋನಪ್ಪ.

ಬಹುಮಾನ ರೋಹಿಣಿಗೆ ಬಂತು. ಅವಳು ಮುಜುಗರದಿಂದ ಬಂದು, "ಸಿಟ್ಟೇನ್ರಿ ಕಾಕಾ?" ಎಂದಳು.

"ಸಿಟ್ಟಾಗಾಕೂ ಶಕ್ತಿ ಬೇಕವ್ವ," ಎಂದ. "ನೀ ಅವತ್ತ ಕೇಳಿದ್ದಿ. ನಾ ಕಿವಿ ಕೊಡಲಿಲ್ಲ."

ಉಳಿದವರು ಊರಿಗೆ ಹೊರಟರು. ಮೋನಪ್ಪ ನದಾಫ್ ಮೇಷ್ಟ್ರ ಅನುಮತಿ ಕೇಳಿ ಉಳಿದ. ಮೊದಲು ಉಳಿ ಹಿಡಿಯಲಿಲ್ಲ. ನೋಯುವ ಕಾಲಲ್ಲೇ ಹಾಸ್ಟೆಲಿನ ದಾರಿಯಲ್ಲಿ ಹೋಗಿ ತಿರುಗಿ ಬಂದ. ಗ್ರಂಥಾಲಯದ ಕಡೆಯಿಂದ ಬಂದ, ಗೇಟಿನ ಕಡೆಯಿಂದಲೂ ಬಂದ. ಪ್ರತಿ ಕಡೆ ನಿಂತು ನೋಡಿದ. ಆಮೇಲೆ ಹಿಂಬದಿಗೆ ಕೂತು ಕೆತ್ತಲು ಶುರು ಮಾಡಿದ. ನಿಧಾನವಾಗಿ ಬೆನ್ನು ಬಂತು, ಜಡೆ ಬಂತು, ಜಡೆಯನ್ನು ಮುಷ್ಟಿಯಲ್ಲಿ ಹಿಡಿದೆಳೆಯುವ ಮಗುವಿನ ಇನ್ನೊಂದು ಕೈ ಬಂತು.

ಹಾಸ್ಟೆಲಿನಿಂದ ಕ್ಲಾಸಿಗೆ ಹೊರಟಿದ್ದ ಹುಡುಗಿಯೊಬ್ಬಳು ನಿಂತಳು. "ನಮ್ಮಕ್ಕನ ಮಗಾನೂ ಹಿಂಗ ಜಗ್ಗತಾನ್ರಿ," ಎಂದು ನಕ್ಕಳು. ಪೀಠದ ಸುತ್ತ ಹುಡುಕಿ ಕೇಳಿದಳು: "ನಿಮ್ಮ ಹೆಸರ ಎಲ್ಲೂ ಇಲ್ಲಲ್ರಿ ಅಜ್ಜಾ?"

"ಇಲ್ಲವ್ವ," ಎಂದ ಮೋನಪ್ಪ. ಮಗುವಿನ ಬೆರಳ ಸಂದಿಯ ಧೂಳನ್ನು ಊದಿದ. "ಸ್ವಲ್ಪ ಈ ಕಡೆ ಸರಿ. ಬೆಳಕಿಗೆ ಅಡ್ಡ ಬಂದಿ."

ನೀತಿ: ದಣಿದಾಗ ನಮ್ಮ ಕೈ ಹಳೆಯ ರೂಢಿಯನ್ನೇ ಹಿಡಿಯುತ್ತದೆ. ಆದ್ದರಿಂದ ಎಷ್ಟೇ ದಣಿದಿದ್ದರೂ ನಮ್ಮ ಕೆಲಸ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಎದ್ದು ಹೋಗಿ ನೋಡಬೇಕು. ಒಮ್ಮೆ ತಪ್ಪಾದರೆ ಅದನ್ನು ಮುಚ್ಚಿ ಕಾಯುವುದಕ್ಕಿಂತ ಒಪ್ಪಿಕೊಂಡು ತಿದ್ದುವುದು ಕಡಿಮೆ ದಣಿವಿನ ಕೆಲಸ.