ದಾವಲಸಾಬ ಅಳೆದ ಕುದುರಿ ಬಲ

ಬಾಳ ಹಿಂದ, ಎರಿಹೊಲದ ನಡುವಿನ ಒಂದೂರಾಗ, ದಾವಲಸಾಬ ಅನ್ನೋ ಕಾರಿನ ಮೇಸ್ತ್ರಿ ಇದ್ದ. ಯಾವ ಕಾಲ ಅಂತ ಕೇಳಬ್ಯಾಡ್ರಿ, ನಮ್ಮಪ್ಪಗೂ ಗೊತ್ತಿರಲಿಲ್ಲ. ಊರ ಹೊರಗ ವಿಮಾನ ಇಳಿಯೂದು ಬಿಟ್ಟ ಹಳೇ ದಾರಿ ಇತ್ತು, ನೂಲು ಹಿಡದಂಗ ನೆಟ್ಟಗ. ಅದರ ಮ್ಯಾಲೆ ಎರಡೆರಡು ಕಾರು ಜೋಡಿ ನಿಲ್ಲಿಸಿ ಕಾಲು ಮೈಲಿ ಓಡಸ್ತಿದ್ರು. ಮೊದಲು ಮುಟ್ಟಿದವರದ ಪಂದ್ಯ.

ಯಾವ ಕಾರಿಗೆ ಎಷ್ಟು ಕುದುರಿ ಬಲದ ಇಂಜಿನ್ ಬೇಕು ಅನ್ನೂದನ್ನ ದಾವಲಸಾಬ ಹೇಳತಿದ್ದ. ಕಾರನ್ನ ಒಂದ ಕೈಲೆ ಎತ್ತಿ ತೂಗತಿದ್ದ ಅಂತಾರ. ಇಲ್ಲ, ಹತ್ತಿ ಮಿಲ್ಲಿನ ತೂಕದ ಕಾಟಾದ ಮ್ಯಾಲೆ ನಿಲ್ಲಸ್ತಿದ್ದ ಅಂತಾರ. ಕಾಟಾನೇ ಖರೆ ಇರಬೇಕು.

ಅದೇ ಊರಾಗ ಶಿವಪುತ್ರ ಅಂತ ಒಬ್ಬ ಇದ್ದ. ತನ್ನ ಸಣ್ಣ ಕಾರಿನ ಹಿಂದಿನ ಸೀಟು, ಗಾಜು, ಬಾಗಲಾ ಎಲ್ಲಾ ಕಿತ್ತು ಹಗೂರ ಮಾಡಿದ್ದ. ಅದಕ್ಕ ಮುನ್ನೂರು ಕುದುರಿ ಬಲದ ಇಂಜಿನ್ ಕೂಡಸಬೇಕಂತ ಹಟ ಹಿಡದ. ಅಂವನ ಅಣ್ಣನೂ ಹಂಗ ಮಾಡಿದ್ದ. ಹಗೂರ ಕಾರು ಮುಂದಿನ ಗಾಲಿ ಎತ್ತಿ ಅಂಗಾತ ಬಿದ್ದು, ಅಣ್ಣ ಅಲ್ಲೇ ಜೀವ ಬಿಟ್ಟಿದ್ದ. ಅಣ್ಣ ಸೋತ ಪಂದ್ಯ ತಾನು ಗೆಲ್ಲಬೇಕು ಅನ್ನೂದೊಂದ ಶಿವಪುತ್ರನ ತಲ್ಯಾಗ.

ಅಂವನ ತಾಯಿ ಕಾಳವ್ವ ದಾವಲಸಾಬನ ಗ್ಯಾರೇಜಿಗೆ ಬಂದು ನಿಂತಳು.

"ಸಾಬಣ್ಣ, ಒಬ್ಬನ್ನ ಮಣ್ಣಿಗೆ ಕೊಟ್ಟೀನಿ. ಓಡಬ್ಯಾಡಂದ್ರ ಇಂವ ಕೇಳಾಂಗಿಲ್ಲ. ತಿರುಗಿ ಬರೂವಂಗರ ಮಾಡು."

ದಾವಲಸಾಬ ಶಿವಪುತ್ರನ್ನ ಕಾರಿನಾಗ ಕೂಡಿಸಿ, ಪೆಟ್ರೋಲ್ ಹಾಕಿಸಿ, ಕೂಡೇ ತೂಗಿದ. ಆರು ಕ್ವಿಂಟಲ್ ಆತು. ಹನ್ನೆರಡು ಸೆಕೆಂಡಿನಾಗ ಮುಟ್ಟಾಕ ನೂರೈವತ್ತು ಕುದುರಿ ಸಾಕು ಅಂದ. ಶಿವಪುತ್ರ ಸಿಟ್ಟಿಗೆದ್ದ. ಜೋಡಿ ಓಡೋ ಎದುರೂರವನ ಕಾರಿಗೆ ಮುನ್ನೂರು ಐತಿ ಅಂದ.

"ಅವನ ಕಾರು ಎಮ್ಮಿ ಇದ್ದಂಗ, ತೂಕ ಎಳಿಯಾಕ ಅಷ್ಟು ಬೇಕು. ನಿಂದು ಜಿಗಿಯೋ ಚಿಗರಿ. ಚಿಗರಿಗೆ ಅಷ್ಟು ಬಲ ತುಂಬಿದ್ರ ಅದು ನೆಲದ ಮ್ಯಾಲೆ ನಿಲ್ಲಾಂಗಿಲ್ಲೋ ತಮ್ಮಾ."

ಶಿವಪುತ್ರ ತನ್ನ ಕಾರಿನ ಮುಂದಿನ ಗಾಲಿ ಮುಟ್ಟಿ ನೋಡಿದ. ಕಡೀಕ ಹೂಂ ಅಂದ.

ಹೇಳಿದ್ದೇನೋ ಹೇಳಿದ, ಆದ್ರ ಅಂದಾಜು ಅಂದ್ರ ಅಂದಾಜೇ. ಪಂದ್ಯದ ದಿನ ದಾವಲಸಾಬ ಮುಂಜಾನೆಯಿಂದ ಒಂದ ಗುಟುಕು ನೀರೂ ಕುಡೀಲಿಲ್ಲ ಅಂತಾರ. ಕಾಳವ್ವನ ಮುಖ ನೋಡಾಕ ಆಗದ ನೆಲ ನೋಡಕೊಂತ ಕುಂತಿದ್ದನಂತ.

ಪಂದ್ಯ ಶುರು ಮಾಡೋ ನಿಶಾನಿ ಬಿತ್ತು. ಕಾರು ಹಾರಿತು. ಮುಂದಿನ ಗಾಲಿ ಒಂದ ಗೇಣು ಎದ್ದವು. ಕಾಳವ್ವ ಚೀರಿದಳು. ಗಾಲಿ ಮತ್ತ ನೆಲ ಮುಟ್ಟಿದವು, ಕಾರು ನೆಟ್ಟಗ ಓಡಿತು, ಹಿಂದ ಧೂಳಿ ಎದ್ದು ಏನೂ ಕಾಣದಂಗಾತು. ಧೂಳಿ ಇಳಿಯೂತನಕ ಒಂದ ಯುಗ ಆತು ಅಂತಾರ. ಆಮ್ಯಾಲೆ ಅದರೊಳಗಿಂದ ಶಿವಪುತ್ರ ನಡಕೋತ ಬಂದ, ಮೈತುಂಬ ಮಣ್ಣು, ನಗಕೋತ.

ಕಾಳವ್ವ ಓಡಿಹೋಗಿ ಮಗನ ಕೆನ್ನಿಗೊಂದು ಬಿಟ್ಟಳು, ಆಮ್ಯಾಲೆ ತಬ್ಬಿಕೊಂಡಳು. ದಾವಲಸಾಬ ಯಾರದೋ ಕೈಯಾಗಿನ ತಂಬಿಗಿ ಕಸಗೊಂಡು ಗಟಗಟ ನೀರು ಕುಡದ. ಒಂದ ತಂಬಿಗಿ ಅಂತಾರ, ಒಂದ ಕೊಡ ಅಂತಾರ.

ಗೆದ್ದವರ್ಯಾರು? ಶಿವಪುತ್ರ ಮೊಳದಷ್ಟು ಮುಂದಿದ್ದ ಅಂತ ಅಂವನ ಊರವರು, ಅಲ್ಲ ಅಂತ ಎದುರೂರವರು.

ಈಗೂ ಆ ದಾರಿಮ್ಯಾಲೆ ಪಂದ್ಯ ನಡೀತೈತಿ. ಕಾರು ಗೆರಿ ದಾಟಿದಾಗ ಯಾರೂ ಚಪ್ಪಾಳಿ ಹೊಡಿಯಾಂಗಿಲ್ಲ. ಓಡಿಸಿದಂವ ಇಳದು, ಎರಡೂ ಕಾಲು ನೆಲಕ್ಕ ಊರಿ ನಿಂತ ಮ್ಯಾಲೇನ ಚಪ್ಪಾಳಿ. "ದಾವಲಸಾಬಾ, ಬಂದಾನಪ್ಪೋ!" ಅಂತ ಮಂದಿ ಕೂಗ್ತಾರ. ಯಾರು ಗೆದ್ದರು ಅಂತ ಕೇಳೂದು ಅದರ ನಂತರ.